ಅವ್ವ ಹೇಳದ ಹೆಸರು

ಇಂಜಿನಿಯರಿಂಗ್ ಸೇರಿದ ಮೊದಲ ವಾರದಲ್ಲಿ ನಾನು ಕಲಿತದ್ದು ಗಣಿತವಲ್ಲ, ಭೌತಶಾಸ್ತ್ರವಲ್ಲ, ಎದ್ದು ನಿಲ್ಲುವುದು. ಬಂದ ಮೇಷ್ಟ್ರೆಲ್ಲ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಪರಿಚಯ ಮಾಡ್ಕೊಳ್ರಿ. ಹೆಸರು, ಊರು, ಹವ್ಯಾಸ’ ಎನ್ನುತ್ತಾರೆ. ಅರವತ್ತು ಜನ, ಆರು ವಿಷಯ. ಗುರುವಾರದ ಹೊತ್ತಿಗೆ ಪಕ್ಕದವನ ಕ್ರಿಕೆಟ್ ಪ್ರೀತಿ ನನಗೇ ಬಾಯಿಪಾಠವಾಗಿತ್ತು. ನಮ್ಮ ಕಡೆ ಹೀಗೆ ಕೇಳುವವರು ಹೆಣ್ಣು ನೋಡಲು ಬಂದವರು. ಅವರೂ ಒಂದೇ ಸಲ ಕೇಳಿ, ಮಂಡಕ್ಕಿ ಸುಸಲಾ ತಿಂದು ಎದ್ದು ಹೋಗುತ್ತಾರೆ.

ಹವ್ಯಾಸಕ್ಕೆ ನಾನು ‘ಚೆಸ್ ಮತ್ತು ಓದು’ ಎಂದು ಸುಳ್ಳು ಹೇಳುತ್ತಿದ್ದೆ. ಚೆಸ್ಸಿನ ಕುದುರೆ ಹೇಗೆ ನಡೆಯುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಹೆಸರಿನದು ಇನ್ನೊಂದು ಸಂಕಟ.

ನನ್ನ ಹೆಸರು ಭೀಮರಾಯ. ತೀರಿಹೋದ ಅಜ್ಜನ ಹೆಸರು. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಅದನ್ನು ನನ್ನ ಕಿವಿಯಲ್ಲಿ ಉಸುರಿ, ಪದ್ಧತಿಯಂತೆ ಬೆನ್ನಿಗೆ ನಾಲ್ಕು ಗುದ್ದು ತಿಂದು, ಖುಷಿಯಿಂದ ತನ್ನೂರಿಗೆ ಹೋದಳು. ಉಳಿದ ಅವ್ವನ ಗತಿ? ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹಾಗಾಗಿ ಹೆತ್ತ ಮಗನನ್ನು ಅವಳು ಒಂದು ದಿನವೂ ಹೆಸರು ಹಿಡಿದು ಕರೆದಿಲ್ಲ. ನಮ್ಮ ಕಡೆ ಅಜ್ಜನನ್ನು ಕರೆಯುವಂತೆ ‘ಮುತ್ಯಾ’ ಅನ್ನುತ್ತಾಳೆ. ಅದನ್ನೇ ಕೇಳಿ ಓಣಿಯವರೂ ಮುತ್ಯಾ ಅಂದರು. ತರಗತಿಯಲ್ಲಿ ‘ಭೀಮರಾಯ’ ಎನ್ನುವಾಗ ಅಜ್ಜನ ಅಂಗಿಯನ್ನು ಕೇಳದೆ ತೊಟ್ಟವನಂತೆ ತಡವರಿಸುತ್ತಿದ್ದೆ.

ಗಂಡನ ಹೆಸರಿಗಾದರೂ ಒಂದು ದಾರಿಯಿದೆ. ಒಡಪು ಕಟ್ಟಿ, ಪ್ರಾಸದ ನಡುವೆ ಅದನ್ನು ತೂರಿಸಿ ನಾಚಿಕೊಂಡರೆ ಮುಗಿಯಿತು. ಮಾವನಿಗೆ ಒಡಪು ಕಟ್ಟುವುದು ಯಾರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ ನಾವಿರುವುದು ಕಾಲುವೆ ಕೆಲಸದವರ ಕ್ಯಾಂಪಾಗಿ ಬೆಳೆದ ಭೀಮರಾಯನಗುಡಿಯಲ್ಲಿ! ಎಲ್ಲಿಗೆಂದು ಕಂಡಕ್ಟರ್ ಕೇಳಿದರೆ ಅವ್ವ, ‘ಶಹಾಪುರದ ಬಾಜೂಕ ಕ್ಯಾಂಪಿಗ್ರಿ’ ಎನ್ನುತ್ತಾಳೆ. ಭೀಮಾ ನದಿ ಅವಳಿಗೆ ಬರೀ ‘ಹೊಳಿ’. ಸ್ವಂತ ಊರಿನ ಹೆಸರೆತ್ತದೆ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು.

ಇಂಥವಳನ್ನು ಆ ಶುಕ್ರವಾರ ನಾನೇ ಯಾದಗಿರಿಯ ನಮ್ಮ ಕಾಲೇಜಿಗೆ ಕರೆಸಿದೆ. ಪಿಯುಸಿಯ ಒರಿಜಿನಲ್ ಅಂಕಪಟ್ಟಿ ಒಪ್ಪಿಸಲು ಅಂದೇ ಕೊನೆಯ ದಿನ, ಇಲ್ಲದಿದ್ದರೆ ಸೀಟಿಗೇ ಕುತ್ತು. ಅಂಕಪಟ್ಟಿ ಮನೆಯ ಟ್ರಂಕಿನಲ್ಲಿತ್ತು. ‘ಯವ್ವಾ, ಅದನ್ನ ಯಾರ ಕೈಯಾಗೂ ಕೊಡಬ್ಯಾಡ, ಯಾರಿಗೂ ತೋರಿಸಬ್ಯಾಡ’ ಎಂದು ಎರಡೆರಡು ಸಲ ಹೇಳಿ, ಫೋನ್ ಬಂದ್ ಮಾಡಿ, ತರಗತಿಯಲ್ಲಿ ಕುಳಿತೆ. ನನ್ನ ಬುದ್ಧಿವಂತಿಕೆಗೆ ಏನು ಹೇಳಲಿ!

ಅಂದು ಹೊಸ ಮೇಡಂ, ಹಳೆಯ ಪ್ರಶ್ನೆ. ‘ಚೆಸ್ ಮತ್ತು ಓದು’ ಎಂದು ಕುಳಿತಿದ್ದೆನಷ್ಟೆ. ಬಾಗಿಲಲ್ಲಿ ಗೇಟಿನ ವಾಚ್‌ಮನ್, ಅವನ ಹಿಂದೆ ಅವ್ವ. ಆಗಲೇ ಎರಡು ತರಗತಿ ಸುತ್ತಿ ಬಂದಿದ್ದರು.

‘ಸಾಕಾಗ್ಯಾದ್ರಿ ಮೇಡಂ’ ಎಂದ ವಾಚ್‌ಮನ್. ‘ಮಗನ್ನ ಕಾಣಬೇಕಂತ. ಹೆಸರು ಕೇಳಿದ್ರ ಹೇಳವಲ್ಲರು. ಕೈಯಾಗಿನ ಕಾಗದ ತೋರಸ್ರಿ ಅಂದ್ರ ಅದೂ ಒಲ್ಲರು.’

‘ನಮ್ಮ ಮಾವನ ಹೆಸರ್ರಿ ಅದು, ಹ್ಯಾಂಗ ಹೇಳ್ಲಿ?’ ಎಂದಳು ಅವ್ವ.

ತರಗತಿಗೆ ತರಗತಿಯೇ ನಕ್ಕಿತು. ನಾನು ಏಳಬೇಕಿತ್ತು, ಏಳಲಿಲ್ಲ. ಮುಂದಿನವನ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಆಗ ಅವ್ವನಿಗಾಗಿ ನಾಚಿದೆ. ಈಗ ಬರೆಯುವಾಗ ನನಗಾಗಿ ನಾಚುತ್ತಿದ್ದೇನೆ.

ಮೇಡಂ ನಗಲಿಲ್ಲ. ‘ಹೆಸರು ಬ್ಯಾಡ ಬಿಡ್ರಿ. ಹುಡುಗ ಎಂಥಾವ, ಅದನ್ನ ಹೇಳ್ರಿ.’

ಅವ್ವ ಸೆರಗಿನೊಳಗೆ ಅಂಕಪಟ್ಟಿಯನ್ನು ಇನ್ನಷ್ಟು ಅವುಚಿಕೊಂಡಳು. ‘ತೆಳ್ಳಗ ಅದಾನ್ರಿ. ಓಣ್ಯಾಗಿನ ಬೆಳಿಗಿ ಎಣ್ಣಿ ಹೊಡಿಯೋ ಪಂಪೆಲ್ಲಾ ಅವನೇ ರಿಪೇರಿ ಮಾಡ್ತಾನ. ಬಿಚ್ಚಿ ಜೋಡಿಸಿದ ಮ್ಯಾಲ ಒಂದೆರಡು ಸ್ಕ್ರೂ ಉಳಸ್ತಾನ್ರಿ. ಆದ್ರ ಪಂಪ್ ನಡಿತಾವ. ತೊಗರಿಗಿ ಕೀಡಿ ಹತ್ತಿದಾಗ ನಮ್ಮ ಬಾಗಲ ಮುಂದ ಮಂದಿ ಪಾಳಿ ಹಚ್ಚತಾರ. ಉಣ್ಣಾಕ ಕುಂತಾವ ಗಂಗಾಳ ಬಿಟ್ಟು ಎದ್ದು ಹೋಗ್ತಾನ್ರಿ, ಬೈದ್ರೂ ಕೇಳಂಗಿಲ್ಲ.’

ಸ್ಕ್ರೂವಿಗೆ ನಕ್ಕವರು ಕೊನೆಗೆ ಕತ್ತು ಚಾಚಿ ಕೇಳುತ್ತಿದ್ದರು. ವಾರವಿಡೀ ಪರಿಚಯ ಹೇಳಿಕೊಂಡ ನನ್ನ ಬಾಯಿಂದ ಇದರಲ್ಲಿ ಒಂದು ಮಾತೂ ಬಂದಿರಲಿಲ್ಲ. ಎದ್ದು ನಿಂತೆ.

‘ಮತ್ತ ಚೆಸ್ಸು?’ ಎಂದರು ಮೇಡಂ.

‘ಬರಂಗಿಲ್ರಿ’ ಎಂದೆ.

ಅಂಕಪಟ್ಟಿ ಕಚೇರಿ ಸೇರಿತು. ಅವ್ವನನ್ನು ಬಸ್ಸಿಗೆ ಬಿಡಲು ಹೊರಟರೆ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಬಿಚ್ಚಿದ. ‘ಯಾರನ್ನು ಕಂಡರು’ ಎಂಬಲ್ಲಿ ಜಾಗ ಖಾಲಿಯಿತ್ತು. ‘ಈಗರೆ ಹೇಳ್ರಿ’ ಎಂದ. ಅವ್ವ ನನ್ನ ಮುಖ ನೋಡಿದಳು. ನಾನು ತಡವರಿಸದೆ, ಗಟ್ಟಿಯಾಗಿ, ‘ಭೀಮರಾಯ’ ಎಂದೆ.

ಮಾವ ಎದುರಿಗೇ ಬಂದರೇನೋ ಎಂಬಂತೆ ಅವ್ವ ತಟ್ಟನೆ ತಲೆತುಂಬ ಸೆರಗು ಹೊದ್ದುಕೊಂಡಳು. ಸ್ಕ್ರೂ ಉಳಿಸುವ ಮಗನಿಗೆ ಸಿಕ್ಕ ಮರ್ಯಾದೆ ನೋಡಿ! ನಾನು ಅಜ್ಜನ ಗತ್ತಿನಲ್ಲಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.