ಕಾಲಲ್ಲಿ ಕಣ್ಣಿದ್ದವಳು

ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕಾಲ್ಗಣ್ಣಿ ಅಂತ. ಸುಮ್ಮನೆ ಬಂದ ಹೆಸರಲ್ಲ ಬಿಡಿ! ಹೊಳೆ ಸಮುದ್ರ ಸೇರುವ ಕಡೆ, ನೀರಿಳಿದಾಗ, ಮೊಣಕಾಲುದ್ದ ನೀರಲ್ಲಿ ಬರಿಗಾಲಲ್ಲಿ ನಡೆಯುವುದೇ ಅವಳ ಕಸುಬು. ಅಂಗೈಯಗಲದ ಚಪ್ಪಟೆ ಮೀನು ತಳದಲ್ಲಿ ಮರಳು ಹೊದ್ದು ಮಲಗಿರುತ್ತದೆ. ಎರಡು ಕಣ್ಣೂ ಒಂದೇ ಮಗ್ಗುಲಿಗೆ, ಮೈಬಣ್ಣ ಥೇಟ್ ಮರಳಿನದೇ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಅಂಗಾಲ ಕೆಳಗೆ ಮಿಸುಕಿದರೆ ಅದುಮಿ ಹಿಡಿದು, ಬಗ್ಗಿ ಎತ್ತಿ ಬುಟ್ಟಿಗೆ ಹಾಕಬೇಕು. ಮೂವತ್ತು ವರ್ಷ ಅವಳದು ಅದೇ ಕೆಲಸ.

ಈ ವರ್ಷ ಮಾತ್ರ ಬುಟ್ಟಿ ಖಾಲಿ. "ಮೀನೇ ಇಲ್ಲ ಕಣ್ರೇ, ಹೊಳೆ ಹಾಳಾಗಿ ಹೋಯ್ತು" ಅಂತ ಕಂಡಕಂಡವರ ಮುಂದೆ ಗೋಳಾಡಿದಳು. ಊರೂ ನಂಬಿತು. ಚಳಿ ಶುರುವಾದಾಗಿನಿಂದ ಪಾದ ಜೋಮು ಹಿಡಿದ ಹಾಗಿತ್ತು. ದಿನವಿಡೀ ನೀರಲ್ಲಿ ನಿಲ್ಲುವವರಿಗೆ ಅದೇನು ಮಹಾ ಅಂತ ತಳ್ಳಿಹಾಕಿದ್ದಳು.

ಆ ಬೆಳಿಗ್ಗೆ ನಾದಿನಿ ಕೆಲಸ ಕಲಿಯಲು ಜೊತೆಗೆ ಬಂದಿದ್ದಳು. ಅತ್ತಿಗೆ ಕಾಲಿಟ್ಟಲ್ಲೇ ಕಾಲಿಟ್ಟು ಬರುತ್ತಿದ್ದವಳು "ಅಯ್ಯೋ, ಸಿಕ್ತು!" ಅಂತ ಕಿರುಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮತ್ತೊಂದು.

"ನಂಗೇ ಅಂತ ಬಿಟ್ಟು ಹೋಗ್ತಿದ್ದೀರಾ, ಅತ್ತಿಗೆ?"

"ಹೂಂ ಮತ್ತೆ, ಹೊಸಬಳು ಅಲ್ವಾ!" ಅಂದಳು ಕಾಲ್ಗಣ್ಣಿ. ಅವುಗಳನ್ನು ತುಳಿದು ಬಂದದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಮೆಲ್ಲಗೆ ಕಾಲೆತ್ತಿ ನೋಡಿಕೊಂಡಳು. ಹಿಮ್ಮಡಿಗೆ ಚಿಪ್ಪಿನ ಚೂರೊಂದು ನೆಟ್ಟು ರಕ್ತ ಸೋರುತ್ತಿತ್ತು. ನೋವು ಅನ್ನೋದೇ ಇಲ್ಲ.

ಆಗಲೇ ಬಾಯಿಬಿಡಬೇಕಿತ್ತು! ಆದರೆ ಆ ಹೆಸರೂ ಹೋದರೆ ಅವಳ ಹತ್ತಿರ ಇನ್ನೇನುಳಿಯಿತು? ನಾಚಿಕೆಯಾಗಿ ಸುಮ್ಮನಾದಳು.

ಅಷ್ಟರಲ್ಲಿ ಮಂಜು ಕವಿದು ದಡ ಮಾಯವಾಯಿತು. ನೀರು ಏರತೊಡಗಿತು. ವಾಪಸ್ಸಿಗೆ ದಾರಿ ಒಂದೇ, ನೀರೊಳಗಿನ ಗಟ್ಟಿ ಮರಳಿನ ದಿಬ್ಬ. ಪಕ್ಕಕ್ಕೆ ಸರಿದರೆ ಕೆಸರು, ಆಳು ಮುಳುಗುವಂಥದ್ದು. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ಅಂಗಾಲೇ ಹೇಳಬೇಕು.

"ನಡೀರಿ ಅತ್ತಿಗೆ. ನಿಮ್ಮ ಹಿಂದಿದ್ರೆ ನಂಗೇನು ಭಯ?" ಅಂದಳು ನಾದಿನಿ.

ಕಾಲ್ಗಣ್ಣಿ ಅಂದಾಜಿನ ಮೇಲೆ ನಡೆದಳು. ನೀರು ತೊಡೆಗೆ ಬಂತು. ಕಾಲೆತ್ತುವುದು ಯಾಕೋ ಭಾರವಾಯಿತು, ವಯಸ್ಸಾಯ್ತು ಅಂದುಕೊಂಡಳು. ಕೊನೆಗೆ ತಡೆಯಲಾರದೆ ನಿಂತು ಅತ್ತೇಬಿಟ್ಟಳು. "ನನ್ನ ಕಾಲಿಗೆ ಏನೂ ತಿಳೀತಿಲ್ಲ ಕಣೇ. ಸತ್ತ ಕಾಲು ಇವು. ನೀನೇ ಹೇಳು, ಕೆಳಗೆ ಗಟ್ಟಿ ಇದೆಯಾ?"

ನಾದಿನಿ ಅವಳ ತೋಳು ಹಿಡಿದುಕೊಂಡಳು.

"ಆಗಿನಿಂದ ಮೆತ್ತಗೇ ಇದೆ, ಅತ್ತಿಗೆ. ನೀವು ಮುಂದೆ ಇದ್ದೀರಲ್ಲ ಅಂತ ಸುಮ್ಮನಿದ್ದೆ."