ಕೊಕ್ಕೆ ಹಾಕದೆ ಹತ್ತಿದ ಮಲ್ಲವ್ವ

ಹಾಯಿಹಡಗು ವಿಶಾಖಪಟ್ಟಣ ಬಿಟ್ಟ ಮೇಲೆ, ಹೈದರಾಬಾದಿನಿಂದ ನಾನು ಕರೆತಂದಿದ್ದ ತರಬೇತಿಯ ಮಕ್ಕಳಿಗೆ ಮೊದಲ ಸಲ ಹಾಯಿಕಂಬ ಹತ್ತಲು ಹೇಳಿದರು. ಅವರಲ್ಲಿ ಮಣಿಕೊಂಡ ಬಡಾವಣೆಯ ಮಲ್ಲವ್ವ ಸರಸರನೆ ಏರಿದಳು. ಯಾದಗಿರಿ ಕಡೆಯಿಂದ ಬಂದ ಅವಳ ಅಪ್ಪ ಕಟ್ಟಡಗಳಿಗೆ ಸಾರವೆ ಕಟ್ಟುವವನು. ಅವಳು ಅರ್ಧ ಏರಿದಾಗ ನೋಡಿದೆ: ಬೀಳದಂತೆ ಹಗ್ಗಕ್ಕೆ ಸಿಕ್ಕಿಸಬೇಕಾದ ಸೊಂಟಪಟ್ಟಿಯ ಕೊಕ್ಕೆ ಗಾಳಿಯಲ್ಲಿ ಜೋಲಾಡುತ್ತಿತ್ತು. ಗಾಬರಿಯಿಂದ ಕೂಗಿದರೆ ಬೆಚ್ಚಿ ಕೈಬಿಟ್ಟಾಳೆಂದು ಹೆದರಿ, ದನಿ ನಡುಗದಂತೆ ಕೂಗಿದೆ.

“ಮಲ್ಲವ್ವಾ, ಅಲ್ಲೇ ನಿಲ್ಲವ್ವಾ. ಕೊಕ್ಕಿ ಹಾಕ್ಕೋ.”

“ಅಯ್ಯ, ಮರತೇನ್ರಿ ಮೇಡಂ! ಅಪ್ಪನ ಗತೆ ಬರೇ ಕೈ ನಂಬಿ ಹತ್ತಿಬಿಟ್ಟೆ.”

ಕೊಕ್ಕೆ ಹಗ್ಗ ಹಿಡಿದುಕೊಂಡದ್ದನ್ನು ನೋಡಿ ನಾನು ಡೆಕ್ಕಿನ ಮೇಲೆ ಕುಳಿತುಬಿಟ್ಟೆ.

ಇಳಿದು ಬಂದವಳು ನಗುತ್ತಿದ್ದಳು. ಪಟ್ಟಿ ಬಿಚ್ಚದೆ, ಅದನ್ನು ಎಳೆದೆಳೆದು ನೋಡಿದಳು.

“ಭಾಳ ಗಟ್ಟಿ ಐತ್ರಿ. ಅಪ್ಪಗ ಇಂಥಾದ್ದು ಅಬಿಡ್ಸ್ ಬಜಾರದಾಗ ಸಿಗತೈತೇನ್ರಿ?”