ಕಳಸದಲ್ಲಿ ಬಿಟ್ಟುಬಂದ ದನಿ

ದಾವಣಗೆರೆಯಿಂದ ಹೊರಟು, ಚಿಕ್ಕಮಗಳೂರಲ್ಲಿ ಬಸ್ಸು ಬದಲಿಸಿ ಮೂಡಿಗೆರೆಯಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಒಣಗುವ ಹಣ್ಣಿನ ಹುಳಿವಾಸನೆ ಬಸ್ ನಿಲ್ದಾಣದವರೆಗೂ ಬರುತ್ತಿತ್ತು. ನಮ್ಮದು ಸಣ್ಣ ನಾಟಕ ತಂಡ. ಈ ಸಲ ಜನರನ್ನು ಮಾತಾಡಿಸಿ, ಅವರ ಮಾತಿನಿಂದಲೇ ನಾಟಕ ಕಟ್ಟಬೇಕೆಂದು ಹೊರಟಿದ್ದೆವು. ವಿಷಯ ಒತ್ತುವರಿ: ಕಾಡಿನಂಚಿನ ತುಂಡು ಜಾಗದಲ್ಲಿ ಕಾಫಿ ಹಾಕಿಕೊಂಡು, ಅದು ಯಾವಾಗ ಕೈಬಿಟ್ಟು ಹೋಗುತ್ತದೋ ಎಂದು ದಿನ ನೂಕುವವರ ಬದುಕು. ಮಾತು ಸಂಗ್ರಹಿಸಿ ತರುವ ಕೆಲಸ ನನ್ನೊಬ್ಬಳ ಪಾಲಿಗೆ ಬಂದಿತ್ತು.

ಪರಿಚಯದವರು ಹೇಳಿಟ್ಟಿದ್ದ ರಫೀಕ್ ಜೀಪು ತಂದಿದ್ದರು. ಮೂಡಿಗೆರೆಯಲ್ಲಿ ಅವರದೇ ಗ್ಯಾರೇಜು. ಬಾಡಿಗೆ ಬಂದಾಗ ಜೀಪನ್ನೂ ಓಡಿಸುತ್ತಾರೆ.

"ನಾಟ್ಕಕ್ಕೆ ಇಷ್ಟು ದೂರ ಎಂತಕ್ಕೆ ಬರೋದು ಮೇಡಂ? ನಿಮ್ಮೂರಲ್ಲಿ ಕಥೆ ಇಲ್ವಾ?" ಎಂದರು. ತಮಾಷೆ ಮಾಡುತ್ತಿರಬೇಕೆಂದು ತಿರುಗಿ ನೋಡಿದೆ. ಅವರ ಮುಖದಲ್ಲಿ ನಗುವಿರಲಿಲ್ಲ.

ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಂತೆವು. ರೆಕಾರ್ಡರನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದೇ ತಡ, ಪಕ್ಕದವರ ಮಾತು ನಿಂತಿತು. "ಯಾವ ಇಲಾಖೆಯವ್ರು?" ಎಂದು ಹೋಟೆಲಿನವರು ಕೇಳಿದರು. ಇಲಾಖೆಯಲ್ಲ, ನಾಟಕ ಎಂದೆ.

"ಎಲ್ರೂ ಮೊದ್ಲು ಹಂಗೇ ಹೇಳುದು," ಎಂದು ಅವರು ಒಳಗೆ ಹೋದರು.

ಕಳಸದಲ್ಲಿ ಕೋಣೆ ಹಿಡಿದೆ. ಬೆಳಿಗ್ಗೆ ಮಂಜು ಹರಿಯುವ ಮೊದಲೇ ಸುತ್ತಾಟ ಶುರುವಾಯಿತು. ಹೋದ ಮನೆಯಲ್ಲೆಲ್ಲ ಕಾಫಿ ಕೊಟ್ಟರು. ಚಳಿಯ ಬಗ್ಗೆ, ಮಂಗನ ಕಾಟದ ಬಗ್ಗೆ, ಆಳು ಸಿಗದ ಬಗ್ಗೆ ಬೇಕಾದಷ್ಟು ಮಾತಾಡಿದರು. ಜಾಗದ ಸುದ್ದಿ ಎತ್ತಿದರೆ ಮಾತ್ರ, "ನಮ್ಗೆ ಹಂಗೆಲ್ಲ ಎಂತ ತೊಂದ್ರೆಯೂ ಇಲ್ಲ" ಎನ್ನುತ್ತಿದ್ದರು. ಎಲ್ಲ ಮನೆಯಲ್ಲೂ ಅದೇ ಮಾತು, ಅದೇ ಪದಗಳು. ಯಾರೋ ಬಾಯಿಪಾಠ ಮಾಡಿಸಿದ್ದಾರೆಂದು ನನಗೆ ಅನುಮಾನ ಹುಟ್ಟಿತು.

ಅನುಮಾನ ನಿಜವಾದದ್ದು ಹೊರನಾಡಿನಲ್ಲಿ. ದೇವಸ್ಥಾನದ ಊಟ ಮುಗಿಸಿ ಬರುವಾಗ ಜೀಪಿನ ಹಿಂದೆ ನಿಂತು ರಫೀಕ್ ಫೋನಿನಲ್ಲಿ ಹೇಳುತ್ತಿದ್ದರು: "ಹೊರಟ್ವಿ. ಜಾಗದ ವಿಷ್ಯ ಕೇಳಿದ್ರೆ ತೊಂದ್ರೆ ಇಲ್ಲ ಅಂದ್ಬಿಡಿ."

ನನಗೆ ಸಿಟ್ಟು ಬಂತು. "ಯಾರು ಹೀಗೆ ಮಾಡಿ ಅಂದಿದ್ದು? ಎಸ್ಟೇಟಿನವರಾ?" ಎಂದು ನೇರವಾಗಿ ಕೇಳಿದೆ.

"ಯಾರೂ ಅಲ್ಲ. ನಿಮ್ಮನ್ನ ಮನೆಮನೆಗೆ ಕರ್ಕೊಂಡು ಹೋಗೋನು ನಾನು. ನಾಳೆ ಹೆಚ್ಚುಕಮ್ಮಿ ಆದ್ರೆ ಅವ್ರು ನನ್ನ ಕಾಲರ್ ಹಿಡೀತಾರೆ, ನಿಮ್ದಲ್ಲ." ಜೀಪು ಚಾಲೂ ಮಾಡಿದ ಮೇಲೆ ದನಿ ತಗ್ಗಿಸಿ, "ಗಿರಿಜಕ್ಕನ ಹತ್ರ ಹೋಗುವ. ಅವ್ರಿಗೆ ನಾನು ಹೇಳಿಕೊಡೋ ಹಂಗಿಲ್ಲ. ಅವ್ರಾಗೇ ಹೇಳಿದ್ರೆ ಕೇಳ್ಕೊಳ್ಳಿ," ಎಂದರು.

ಗಿರಿಜಕ್ಕನ ಮನೆ ರಸ್ತೆಯಿಂದ ಮೇಲೆ, ಏರಿನಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮನೆ ಹಿಂದಿನ ಜಾಗ ನೋಡಿಕೊಂಡು, ಕೊಯ್ಲಿನ ಕಾಲದಲ್ಲಿ ಎಸ್ಟೇಟಿಗೂ ಹೋಗುತ್ತಿದ್ದರು. ನಾನು ರೆಕಾರ್ಡರ್ ಇಟ್ಟ ಕೂಡಲೇ ಅವರು ತಮ್ಮ ಫೋನನ್ನೂ ಅದರ ಪಕ್ಕ ಇಟ್ಟರು.

"ನೀವೂ ಹಾಕ್ಕೊಳ್ಳಿ, ನಾನೂ ಹಾಕ್ತೀನಿ. ಮೊದ್ಲು ನಾನು ಕೇಳುದು."

ತಂದೆ ಯಾರು, ಇರುವ ಮನೆ ಯಾರದು, ನಾಟಕದಿಂದ ಹೊಟ್ಟೆ ತುಂಬುತ್ತದಾ, ಇಲ್ಲದಿದ್ದರೆ ತುಂಬಿಸುವವರು ಯಾರು ಎಂದೆಲ್ಲ ಕೇಳಿದರು. ಒಂದೊಂದಕ್ಕೂ ಉತ್ತರ ಹೇಳಿದೆ. ಯಂತ್ರದ ಮುಂದೆ ನಿಜ ಹೇಳಿದರೂ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳುತ್ತಿತ್ತು.

ಆಮೇಲೆ ಅವರು ಹೇಳಿದರು. ಹಿಂದೊಂದು ದಿನ ಇಬ್ಬರು ಬಂದಿದ್ದರಂತೆ, ಹೆಗಲಲ್ಲಿ ಚೀಲ, ಕೈಯಲ್ಲಿ ನಕ್ಷೆ. ಈ ಪಟ್ಟಿ ಜಾಗ ಕಾಡಿಗೆ ಸೇರಿದ್ದು, ಗಿಡ ತೆಗೆಯಬೇಕು ಎಂದರು. "ನಾವು ಕಡಿದ್ರೆ ನಿಮ್ಗೆ ಸಂಕಟ ಆಗುತ್ತೆ, ನೀವೇ ತೆಗೀರಿ ಅಂದ್ರು. ಕತ್ತಿ ತಂದೆ. ನಾನೇ ನೆಟ್ಟ ಗಿಡ, ನಾನೇ ಕಡ್ದೆ. ಒಂದು ಸಾಲು ಮುಗಿಯೋವರೆಗೂ ನಿಂತು ನೋಡಿ ಹೋದ್ರು." ಮರುದಿನ ವಿಚಾರಿಸಿದರೆ ಯಾವ ಕಚೇರಿಯಿಂದಲೂ ಯಾರೂ ಬಂದಿರಲಿಲ್ಲ. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ನಾಟಕ ಸಿಕ್ಕಿತು ಎಂದುಕೊಂಡು ಕಳಸಕ್ಕೆ ಮರಳಿದೆ. ಬೆಳಿಗ್ಗೆ ಕೋಣೆಯ ಬಾಗಿಲಿಗೆ ರಫೀಕ್ ಬಂದರು. "ಅಕ್ಕ ಕರೀತಾರೆ. ಮೆಷಿನ್ ತಗೊಂಡೇ ಬರ್ಬೇಕಂತೆ."

ಗಿರಿಜಕ್ಕ ಅಂಗಳದಲ್ಲೇ ನಿಂತಿದ್ದರು. "ಅಳಿಸಿ ಅದನ್ನ. ನಾನೇ ಕಡ್ದೆ ಅಂದ್ರೆ ಜಾಗ ನಂದಲ್ಲ ಅಂತ ನಾನೇ ಒಪ್ಪಿದ ಹಂಗೆ ಅಲ್ವಾ?"

ಅವರ ಎದುರೇ ಅಳಿಸಿದೆ. ಇನ್ನೊಂದು ಕಡೆ ಇಟ್ಟಿಲ್ಲವೆಂದು ಹೇಗೆ ನಂಬುವುದು ಎಂದರು. ರೆಕಾರ್ಡರಿನ ಮೆಮೊರಿ ಕಾರ್ಡನ್ನೇ ತೆಗೆದು ಅವರ ಕೈಗಿಟ್ಟೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನನ್ನೇ ನೋಡಿದರು.

"ತಲೇಲಿ ಇರೋದನ್ನ ಎಂತ ಮಾಡ್ತೀರಿ?"

"ಅದನ್ನು ಅಳಿಸೋಕೆ ಬರಲ್ಲ ಅಕ್ಕಾ."

"ಹಂಗಾದ್ರೆ ಆಡಿ ತೋರ್ಸಿ. ನೋಡುವ, ನನ್ನ ಎಂತ ಮಾಡ್ತೀರಿ ಅಂತ."

ಬೆಳಗಿನ ಬಿಸಿಲಲ್ಲಿ, ಅದೇ ಅಂಗಳದಲ್ಲಿ ಆಡಿದೆ. ಬೇಲಿಯಾಚೆ ನೆರೆಯವರು ನಾಲ್ಕು ಜನ ಬಂದು ಕೈಕಟ್ಟಿ ನಿಂತರು. ಬಂದವರ ಪಾತ್ರ ಮಾಡುವಾಗ ಎದೆ ಸೆಟೆಸಿ ಗದರಿದೆ.

"ಇಲ್ಲ ಮಾರಾಯ್ತಿ, ಹಂಗಲ್ಲ," ಎಂದು ಗಿರಿಜಕ್ಕ ತಡೆದರು. "ಗದರಿದ್ರೆ ನಾನೂ ಗದರ್ತಿದ್ದೆ. 'ಊಟ ಆಯ್ತಾ ಅಮ್ಮಾ' ಅಂದ್ರು. ನಿಮ್ಮ ಹಾಗೇ, ಮೆಲ್ಲಗೆ."

ಯಾರೂ ನಗಲಿಲ್ಲ. ನನ್ನ ಹೆಗಲಲ್ಲೂ ಚೀಲವಿತ್ತು. ಅದನ್ನು ಕೆಳಗಿಳಿಸಲು ಹೋದೆ. "ಇರ್ಲಿ, ಅದು ಬೇಕು," ಎಂದರು ಗಿರಿಜಕ್ಕ. ಮತ್ತೆ ಮೊದಲಿಂದ, ನನ್ನದೇ ದನಿಯಲ್ಲಿ ಆಡಿದೆ. ಕತ್ತಿ ಹಿಡಿಯುವ ಜಾಗ ಬಂದಾಗ ಅವರು ಮುಖ ತಿರುಗಿಸಿ ಹಿತ್ತಲ ಕಡೆ ನೋಡುತ್ತಾ ನಿಂತರು. ರಫೀಕ್ ಬಾಯಿಗಿಟ್ಟ ಬೀಡಿ ಹಚ್ಚುವುದನ್ನು ಮರೆತಿದ್ದರು.

ಮುಗಿದ ಮೇಲೆ ಗಿರಿಜಕ್ಕ ಹೇಳಿದ್ದು ಇಷ್ಟೇ: "ಹೆಸ್ರು ಬೇರೆ ಇರ್ಲಿ, ಊರು ಬೇರೆ ಇರ್ಲಿ. ಕಾಫಿ ಅಂತಲೂ ಹೇಳ್ಬೇಡಿ, ಬೇರೆ ಎಂತದೋ ಗಿಡ ಅನ್ನಿ. ಆಡೋ ಮೊದ್ಲು ಇಲ್ಲಿ ತಂದು ತೋರ್ಸಿ. ನಾನು ಬೇಡ ಅಂದ್ರೆ ಬೇಡ."

ಒಪ್ಪಿದೆ. ಒಪ್ಪಿದೆನೆಂದು ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನ ಕಳಸದ ನಿಲ್ದಾಣದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ. ಎದುರಿನ ಅಂಗಡಿಯ ನೆರಳಲ್ಲಿ ಗಿರಿಜಕ್ಕ ಕಂಡರು. ಕಳಿಸಿಕೊಡಲು ಇಷ್ಟು ದೂರ ಬಂದರಲ್ಲ ಎಂದು ಖುಷಿಯಾಗಿ ಕೈ ಬೀಸಿದೆ. ಅವರು ಬೀಸಲಿಲ್ಲ. ಬಸ್ಸಿನ ಬೋರ್ಡು ನೋಡಿದರು, ನನ್ನನ್ನು ನೋಡಿದರು. ಬಸ್ಸು ಹೊರಟು ತಿರುವು ದಾಟುವವರೆಗೂ ನಿಂತಲ್ಲಿಂದ ಕದಲಲಿಲ್ಲ. ನಾನು ಊರು ಬಿಟ್ಟದ್ದು ಅವರಿಗೆ ಖಾತ್ರಿಯಾಗಬೇಕಿತ್ತು.